ಸಿಲಿಂಡರ್ ಹಿಂದಿನ ಸುಳಿಗಳು: 6 ಮೋಡ್‌ಗಳ ಮಾದರಿ 99.9% ಶಕ್ತಿ ಹಿಡಿದರೂ ಹಳಿ ತಪ್ಪುತ್ತಿದೆ, ಯಾಕೆ?

ಸುಳಿಗಾಳಿ · ಹಿಂಜವಡಿ, ಪುಣೆ

ನಮಸ್ಕಾರ. ದುಂಡು ಸಿಲಿಂಡರನ್ನು ದಾಟಿ ಹೋಗುವ 2 ಆಯಾಮದ ಹರಿವು, ರೆನಾಲ್ಡ್ಸ್ ಸಂಖ್ಯೆ (ಸ್ನಿಗ್ಧತೆಗೆ ಹೋಲಿಸಿದರೆ ಹರಿವಿನ ಜಡತೆ ಎಷ್ಟು ಎಂಬ ಅಳತೆ) 100. ಪೂರ್ಣ ಸಾಲ್ವರಿನಲ್ಲಿ (ಹರಿವಿನ ಸಮೀಕರಣ ಬಿಡಿಸುವ ಪ್ರೋಗ್ರಾಂ) 1.8 ಲಕ್ಷ ಸೆಲ್ ಇವೆ, ವೇಗದ ಎರಡು ಘಟಕ ಸೇರಿ 3.6 ಲಕ್ಷ ಅಜ್ಞಾತಗಳು. ಇದನ್ನು ಆರೆಂಟು ಸಾಮಾನ್ಯ ಅವಕಲ ಸಮೀಕರಣಗಳಿಗೆ ಇಳಿಸಿ ಒಂದು ಸಣ್ಣ ಕಂಟ್ರೋಲರ್ ಬೋರ್ಡ್ ಮೇಲೆ ಓಡಿಸಬೇಕು. ಸಿಲಿಂಡರನ್ನು ಆಚೀಚೆ ತುಸು ತಿರುಗಿಸಿ ಸುಳಿಗಳನ್ನು ತಗ್ಗಿಸುವುದು ಉದ್ದೇಶ.

ಮಾಡಿರುವುದು ಇಷ್ಟು: ಸುಳಿಗಳು ನಿಯತವಾಗಿ ಬಿಡತೊಡಗಿದ ಮೇಲೆ 0.2 ಅಂತರದಲ್ಲಿ 200 ಸ್ನ್ಯಾಪ್‌ಶಾಟ್, ಅಂದರೆ ಆಯಾ ಕ್ಷಣದ ವೇಗದ ಚಿತ್ರ, ತೆಗೆದೆ (ಕಾಲದ ಮಾನ ಎಂದರೆ ವ್ಯಾಸವನ್ನು ಒಳಹರಿವಿನ ವೇಗದಿಂದ ಭಾಗಿಸಿದ್ದು). ಸರಾಸರಿ ಕಳೆದು ಎಸ್‌ವಿಡಿ (ದತ್ತಾಂಶದ ಮ್ಯಾಟ್ರಿಕ್ಸನ್ನು ಮುಖ್ಯ ಆಕಾರಗಳಾಗಿ ಒಡೆಯುವ ಲೆಕ್ಕ) ಮಾಡಿದೆ; ಸಿಕ್ಕ ಆಕಾರಗಳೇ ಮೋಡ್‌ಗಳು, ಪಿಓಡಿ ಮೋಡ್ ಎಂದೂ ಕರೆಯುತ್ತಾರೆ. ಮೊದಲ 2 ಮೋಡ್‌ಗಳಲ್ಲೇ ಸುಮಾರು 95%, ಆರರಲ್ಲಿ 99.9% ಶಕ್ತಿ ಬಂತು. ಆಮೇಲೆ ಹರಿವಿನ ನೇವಿಯರ್–ಸ್ಟೋಕ್ಸ್ ಸಮೀಕರಣದ ಗ್ಯಾಲರ್ಕಿನ್ ಪ್ರೊಜೆಕ್ಷನ್ (ಸಮೀಕರಣವನ್ನು ಮೋಡ್‌ಗಳ ಮೇಲೆ ಇಳಿಸಿ ಅವುಗಳ ಗುಣಾಂಕಗಳ ಸಮೀಕರಣ ಪಡೆಯುವುದು), ಕಾಲದಲ್ಲಿ ಹೆಜ್ಜೆ ಇಡಲು ಆರ್‌ಕೆ4 (ನಾಲ್ಕನೇ ಕ್ರಮದ ರುಂಗೆ–ಕುಟ್ಟ).

ಮೊದಲ ನಾಲ್ಕೈದು ಆವರ್ತ ಪೂರ್ಣ ಸಾಲ್ವರಿನ ಮೇಲೆ ಗೆರೆ ಎಳೆದಂತೆ ಕೂರುತ್ತದೆ. ಆಮೇಲೆ ಅಲೆಯ ಎತ್ತರ ಮೆಲ್ಲಗೆ ಏರುತ್ತ 40 ಆವರ್ತದ ಹೊತ್ತಿಗೆ 30% ಹೆಚ್ಚಾಗಿರುತ್ತದೆ. 8 ಮೋಡ್ ಇಟ್ಟರೆ ಏರುವ ಬದಲು ಕುಗ್ಗುತ್ತದೆ. ತೀರಾ ಸಣ್ಣ ಅಲುಗಾಟದಿಂದ ಶುರು ಮಾಡಿದರೆ ಇನ್ನೂ ವಿಚಿತ್ರ: ಸಾಲ್ವರಿನಲ್ಲಿ ಬೇಗನೆ ಬೆಳೆದು ನಿಲ್ಲುವ ಆಂದೋಲನ ಮಾದರಿಯಲ್ಲಿ ನೂರಾರು ಆವರ್ತವಾದರೂ ತಲೆ ಎತ್ತುವುದಿಲ್ಲ.

ಮೋಡ್ ಹೆಚ್ಚಿಸಬೇಕೆ, ಕೃತಕ ಸ್ನಿಗ್ಧತೆ ಸೇರಿಸಬೇಕೆ, ಅಥವಾ ಗ್ಯಾಲರ್ಕಿನ್ ಸಹವಾಸವೇ ಬೇಡವೆಂದು ಡಿಎಂಡಿ (ಸ್ನ್ಯಾಪ್‌ಶಾಟ್‌ಗಳಿಂದಲೇ ರೇಖೀಯ ಮಾದರಿ ಕಟ್ಟುವ ವಿಧಾನ) ಹಿಡಿಯಬೇಕೆ?

---

ಶೇಷಪದ · ಪೊವಾಯಿ, ಮುಂಬೈ

ಮೋಡ್ ಹೆಚ್ಚಿಸುವ ಮೊದಲು ಲೆಕ್ಕದ ತಳಪಾಯ ನೋಡಿ.

ಎಸ್‌ವಿಡಿಯನ್ನು ಬರೀ ಮ್ಯಾಟ್ರಿಕ್ಸ್ ಮೇಲೆ ಓಡಿಸಿದ್ದೀರಾ, ಸೆಲ್ ವಿಸ್ತೀರ್ಣದ ತೂಕ ಕೊಟ್ಟಿದ್ದೀರಾ? ನಿಮ್ಮ ಮೆಶ್ ಸಿಲಿಂಡರಿನ ಹತ್ತಿರ ದಟ್ಟ, ದೂರ ಹೋದಂತೆ ವಿರಳ ಇರಲೇಬೇಕು. ತೂಕ ಕೊಡದಿದ್ದರೆ ಗೋಡೆಗೆ ಅಂಟಿದ ಪುಟಾಣಿ ಸೆಲ್ಲಿಗೂ ಸುಳಿ ಸಾಗುವ ದಾರಿಯ ದೊಡ್ಡ ಸೆಲ್ಲಿಗೂ ಒಂದೇ ಬೆಲೆ. ಆಗ ಬರುವ 99.9% ಮೆಶ್ಶಿನ ದಟ್ಟಣೆಯನ್ನು ಅಳೆದದ್ದೇ ಹೊರತು ಚಲನಶಕ್ತಿಯನ್ನಲ್ಲ. ಇದಕ್ಕಿಂತ ಕೆಟ್ಟದ್ದು ಮುಂದಿದೆ: ಆ ಮೋಡ್‌ಗಳು ವಿಸ್ತೀರ್ಣದ ತೂಕ ಕೊಟ್ಟ ಒಳಗುಣಲಬ್ಧದಲ್ಲಿ (ಇನ್ನರ್ ಪ್ರಾಡಕ್ಟ್) ಪರಸ್ಪರ ಲಂಬವಾಗಿರುವುದಿಲ್ಲ. ಪ್ರೊಜೆಕ್ಷನ್ ಮಾಡುವಾಗ ನೀವು ಲಂಬವೆಂದೇ ನಂಬಿ ಮಾಸ್ ಮ್ಯಾಟ್ರಿಕ್ಸನ್ನು (ಮೋಡ್‌ಗಳ ಪರಸ್ಪರ ಒಳಗುಣಲಬ್ಧಗಳ ಕೋಷ್ಟಕ) ಕೈಬಿಟ್ಟಿದ್ದರೆ ಎಲ್ಲ ಗುಣಾಂಕಗಳೂ ತಪ್ಪು. ಪ್ರತಿ ಸಾಲನ್ನು ಆ ಸೆಲ್‌ನ ವಿಸ್ತೀರ್ಣದ ವರ್ಗಮೂಲದಿಂದ ಗುಣಿಸಿ, ಎಸ್‌ವಿಡಿ ಮಾಡಿ, ಸಿಕ್ಕ ಮೋಡ್‌ಗಳನ್ನು ಮತ್ತೆ ಅದರಿಂದಲೇ ಭಾಗಿಸಿ. ನಿಮ್ಮೂರಿನ ಪಾಷಾಣದ ಉಷ್ಣವಲಯ ಹವಾಮಾನ ಸಂಸ್ಥೆಯಂಥ ಕಡೆ ಭೂಗೋಳದ ನಕ್ಷೆಗಳಿಗೆ ಅಕ್ಷಾಂಶದ ಕೊಸೈನಿನ ವರ್ಗಮೂಲ ಹಾಕುವುದೂ ಇದೇ ಕಾರಣಕ್ಕೆ. ಧ್ರುವದ ಬಳಿ ಚೌಕಗಳು ಕಿರಿದಾಗುತ್ತವೆ.

ಕೊವೇರಿಯನ್ಸ್ ಮ್ಯಾಟ್ರಿಕ್ಸನ್ನು (ಪ್ರತಿ ಎರಡು ಅಜ್ಞಾತಗಳ ಏರಿಳಿತ ಎಷ್ಟು ಜೊತೆಗೂಡಿದೆ ಎಂಬ ಕೋಷ್ಟಕ) ನೇರವಾಗಿ ಕಟ್ಟಲು ಹೋಗಬೇಡಿ. 3.6 ಲಕ್ಷದ ವರ್ಗ ಗುಣಿಸು 8 ಬೈಟ್ ಎಂದರೆ ಒಂದು ಟೆರಾಬೈಟ್ ದಾಟುತ್ತದೆ. ಸಿರೋವಿಚ್ 1987ರಲ್ಲಿ ಕೊಟ್ಟ ಸ್ನ್ಯಾಪ್‌ಶಾಟ್ ವಿಧಾನದಲ್ಲಿ 200×200 ಮ್ಯಾಟ್ರಿಕ್ಸಿನ ಐಗನ್‌ವ್ಯಾಲ್ಯೂ ಸಾಕು. ದತ್ತಾಂಶ 576 ಎಂಬಿ, ಲ್ಯಾಪ್‌ಟಾಪಿನಲ್ಲೇ ಮುಗಿಯುತ್ತದೆ.

ಇನ್ನು ಸ್ಕೀಮ್, ಅಂದರೆ ಡೆರಿವೇಟಿವ್‌ಗಳನ್ನು ಸೆಲ್ ಬೆಲೆಗಳಿಂದ ಲೆಕ್ಕ ಹಾಕುವ ಬಗೆ. ಸಾಲ್ವರಿನಲ್ಲಿ ಅಪ್‌ವಿಂಡ್ (ಹರಿವು ಬರುವ ಕಡೆಯ ಸೆಲ್‌ಗಳ ಬೆಲೆ ಬಳಸುವ ಬಗೆ) ಬಳಸಿ, ಪ್ರೊಜೆಕ್ಷನ್ನಿನಲ್ಲಿ ಗ್ರೇಡಿಯಂಟನ್ನು ಸೆಂಟ್ರಲ್ ಡಿಫರೆನ್ಸಿನಿಂದ (ಎರಡೂ ಕಡೆಯ ಬೆಲೆಗಳಿಂದ) ತೆಗೆದಿದ್ದರೆ, ಅಪ್‌ವಿಂಡ್ ಕದ್ದು ಸೇರಿಸಿದ್ದ ಸ್ನಿಗ್ಧತೆ ನಿಮ್ಮ ಮಾದರಿಗೆ ಬಂದಿರುವುದಿಲ್ಲ. ಶಕ್ತಿ ಸೋರಲು ದಾರಿ ಸಾಲದೆ ಅಲೆ ಏರುತ್ತದೆ. ಸಾಲ್ವರಿನ ಆಪರೇಟರುಗಳನ್ನೇ ಪ್ರೊಜೆಕ್ಷನ್ನಿಗೂ ಬಳಸಿ.

ಒಂದು ಸುಲಭ ಪರೀಕ್ಷೆ: ಗುಣಾಂಕಗಳಿಗೆ ಯಾವುದೋ ಯಾದೃಚ್ಛಿಕ ಬೆಲೆ ಕೊಟ್ಟು, ದ್ವಿಘಾತ ಪದಗಳು ಒಟ್ಟು ಶಕ್ತಿಯನ್ನು ಎಷ್ಟು ವೇಗದಲ್ಲಿ ಬದಲಿಸುತ್ತವೆ ಎಂದು ಲೆಕ್ಕ ಹಾಕಿ. ಏರಿಳಿತಗಳು ತಮ್ಮತಮ್ಮಲ್ಲೇ ಶಕ್ತಿ ಹಂಚಿಕೊಳ್ಳುವ ಪದಗಳಿವು, ಒಟ್ಟು ಮೊತ್ತ ಸೊನ್ನೆಗೆ ಹತ್ತಿರ ಬರಬೇಕು. ಹೊರಹರಿವಿನ ಅಂಚಿನಲ್ಲಿ ಸೋರುವ ಚೂರು ಮಾತ್ರ ಉಳಿಯಬಹುದು. ದೊಡ್ಡ ಸಂಖ್ಯೆ ಬಂದರೆ ಭೌತಶಾಸ್ತ್ರ ಹುಡುಕಬೇಡಿ, ಕೋಡ್ ಹುಡುಕಿ.

ಒತ್ತಡದ ಪದದ ಬಗ್ಗೆ ಈಗ ತಲೆ ಕೆಡಿಸಿಕೊಳ್ಳಬೇಡಿ. ಮೋಡ್‌ಗಳ ಡೈವರ್ಜೆನ್ಸ್ (ಒಂದು ಬಿಂದುವಿನಿಂದ ಹೊರಹೋಗುವ ನಿವ್ವಳ ಹರಿವು) ಸೊನ್ನೆಯಾದ್ದರಿಂದ ಒಳಗೆ ಅದು ಬಿದ್ದುಹೋಗುತ್ತದೆ. ಉಳಿಯುವುದು ಹೊರಹರಿವಿನ ಅಂಚಿನಲ್ಲಿ. ಡೊಮೇನ್ ಉದ್ದವಾಗಿದ್ದರೆ ಈ ಹರಿವಿಗೆ ಅದು ಸಾಮಾನ್ಯವಾಗಿ ಚಿಕ್ಕದು.

---

ಸುಳಿಗಾಳಿ

ತೂಕ ಕೊಟ್ಟಿರಲಿಲ್ಲ. ಈಗ ಕೊಟ್ಟೆ, ಸಾಲ್ವರಿನ ಆಪರೇಟರುಗಳನ್ನೇ ಬಳಸಿದೆ. ದ್ವಿಘಾತ ಪರೀಕ್ಷೆ ಪಾಸ್. 40 ಆವರ್ತಕ್ಕೆ 30% ಇದ್ದ ಏರಿಕೆ 6%ಕ್ಕೆ ಇಳಿದಿದೆ. ಆದರೆ ಎತ್ತರ ಇನ್ನೂ ಎಲ್ಲಿಯೂ ನಿಲ್ಲುತ್ತಿಲ್ಲ, ಸಣ್ಣ ಆರಂಭದಿಂದ ಬೆಳೆಯುವುದೂ ಇಲ್ಲ.

---

ಮಾಳಮಡ್ಡಿ ಮಂದಿ · ಕೊಥ್ರೂಡ್, ಪುಣೆ

ಪೊವಾಯಿಯವ್ರು ಹೇಳಿದ್ದೆಲ್ಲಾ ಖರೆ, ಆದ್ರ ನಿಮ್ಮ ಮೂಲ ರೋಗ ಬ್ಯಾರೆ ಐತ್ರಿ. ಅದು ಡೇಟಾದಾಗ ಐತಿ.

ಈ ಹರಿವಿಗೆ ಸ್ಟ್ರೂಹಾಲ್ ಸಂಖ್ಯೆ (ಒಂದು ಕಾಲಮಾನದಾಗ ಎಷ್ಟು ಆವರ್ತ ಅನ್ನೋದು) 0.165ರ ಆಸುಪಾಸು, ಅಂದ್ರ ಒಂದು ಆವರ್ತ ಸುಮಾರು 6 ಕಾಲಮಾನ. ನಿಮ್ಮ 200 ಸ್ನ್ಯಾಪ್‌ಶಾಟ್ 40 ಕಾಲಮಾನ ಆತು. ಒಂದ ಚಕ್ರಾನ ಆರೂವರೆ ಸಲ ಫೋಟೋ ತಗದೀರಿ. ಆ ಚಕ್ರದ ಆಚೆ ಹರಿವು ಏನ ಮಾಡ್ತದ ಅಂತ ಮಾದರಿಗೆ ಹೇಳಿಕೊಡೋರು ಯಾರು? (ಆರೂವರೆ ಅಂದ್ರ ಸರಾಸರಿನೂ ಸ್ವಲ್ಪ ಡೊಂಕ. ಆವರ್ತದ 32ನೇ ಪಾಲಿಗೊಂದು ಸ್ನ್ಯಾಪ್‌ಶಾಟ್ ಇಟ್ಟು ಪೂರ್ಣ ಆವರ್ತಗಳನ್ನ ತಗೋರಿ.)

ಒಳಗ ನಡ್ಯೋದು ಹಿಂಗ. ಸುಳಿ ಇಲ್ಲದ ಸ್ಥಿರ ಹರಿವು ರೆನಾಲ್ಡ್ಸ್ 47ರ ಮ್ಯಾಲ ಅಸ್ಥಿರ. ಅದರಿಂದ ಅಲೆ ಏಳ್ತದ. ಅಲೆ ದೊಡ್ಡದಾದಂಗ ರೆನಾಲ್ಡ್ಸ್ ಒತ್ತಡದಿಂದ (ಏರಿಳಿತಗಳು ಸರಾಸರಿ ಹರಿವಿನ ಮ್ಯಾಲ ಹಾಕೋ ಬಲ) ಸರಾಸರಿ ಹರಿವನ್ನ ಬದಲಿಸ್ತದ, ಸಿಲಿಂಡರ್ ಹಿಂದಿನ ಮರುಹರಿವಿನ ಗುಳ್ಳೆ ಗಿಡ್ಡಾಗ್ತದ. ಬದಲಾದ ಸರಾಸರಿ ಅಲೆಗೆ ಮೊದಲಿನಷ್ಟು ಶಕ್ತಿ ಕೊಡೂದಿಲ್ಲ. ಕೊಡೂದು, ಕಳಿಯೂದು ಸಮ ಆದಲ್ಲಿ ಅಲೆ ನಿಲ್ತದ. ನೀವು ಸರಾಸರಿಯನ್ನ ಮೊಳೆ ಹೊಡದು ಕೂಡ್ರಿಸೀರಿ. ಆ ಸರಾಸರಿ ಮ್ಯಾಲ ಮೊದಲೆರಡು ಮೋಡ್‌ಗಳ ಬೆಳವಣಿಗೆ ದರ ಸೊನ್ನೆಯ ಹತ್ರ. ಎತ್ತರ ಹೆಚ್ಚಾದ್ರ ತಡಿಯೋರಿಲ್ಲ, ಕಡಿಮಿ ಆದ್ರ ಎತ್ತೋರಿಲ್ಲ. ಅದಕ್ಕ 6 ಮೋಡಿಗೆ ಏರ್ತದ, 8ಕ್ಕ ಇಳೀತದ; ಯಾವ ಕಡೆ ಅನ್ನೋದನ್ನ ಉಳಿದ ಸಣ್ಣ ತಪ್ಪುಗಳು ತೀರ್ಮಾನ ಮಾಡ್ತಾವ. ಮೋಡ್ ಇನ್ನೂ ಹಾಕ್ತಾ ಹೋದ್ರೂ ಇದು ಹೋಗೂದಿಲ್ಲ. ಬೇಕಾದ ದಿಕ್ಕು ನಿಮ್ಮ ಸ್ನ್ಯಾಪ್‌ಶಾಟ್‌ಗಳಾಗ ಇಲ್ಲೇ ಇಲ್ಲ. ಶಕ್ತಿ ಶೇಕಡಾ ನೋಡಿ ಮಾದರಿ ಆರಿಸೂದು ಇಲ್ಲೇ ಕೈಕೊಡ್ತದ.

ಮದ್ದು ಗೊತ್ತಿರೂದ ಐತಿ. ನೋವಾಕ್ ಮತ್ತು ಸಂಗಡಿಗರು 2003ರಾಗ ಇದೇ ಹರಿವಿಗೆ, ಇದೇ ರೆನಾಲ್ಡ್ಸ್ 100ಕ್ಕ ಕೊಟ್ಟ ಶಿಫ್ಟ್ ಮೋಡ್.

ಮೊದಲು ಅಸ್ಥಿರವಾದ ಸ್ಥಿರ ಹರಿವನ್ನ ಹಿಡೀರಿ. ಕಾಲದಾಗ ಓಡಿಸಿದ್ರ ಸಿಗೂದಿಲ್ಲ, ಸುಳಿ ಏಳ್ತಾವ. ನ್ಯೂಟನ್ ವಿಧಾನ ಇದ್ದವ್ರಿಗೆ ಚಿಂತಿಲ್ಲ. ಇಲ್ಲದವ್ರಿಗೆ ಅಗ್ಗದ ಉಪಾಯ: ಡೊಮೇನನ್ನ ನಡುಗೆರೆಯಾಗ ಅರ್ಧ ಕತ್ತರಿಸಿ ಆ ಗೆರೆಗೆ ಸಮ್ಮಿತಿ ಷರತ್ತು ಹಾಕ್ರಿ. ಸುಳಿ ಏಳಿಸೋ ಮೋಡ್ ಪ್ರತಿಸಮ್ಮಿತ ಇರೋದ್ರಿಂದ ಅದಕ್ಕ ಜಾಗಾನ ಸಿಗೂದಿಲ್ಲ, ಸಾಲ್ವರ್ ತಾನ ಸ್ಥಿರ ಹರಿವಿಗೆ ಬಂದು ಕೂಡ್ರತದ. ಆಮೇಲೆ ಕನ್ನಡಿ ಹಿಡದು ಪೂರ್ತಿ ಮಾಡ್ರಿ. ಅಡ್ಡ ವೇಗದ ಚಿಹ್ನೆ ತಿರುಗಿಸೋದು ಮರೀಬ್ಯಾಡ್ರಿ.

ಸರಾಸರಿಯಿಂದ ಆ ಸ್ಥಿರ ಹರಿವನ್ನ ಕಳೀರಿ, ಬಂದ ವ್ಯತ್ಯಾಸವನ್ನ ಎಲ್ಲಾ ಪಿಓಡಿ ಮೋಡ್‌ಗಳಿಗೆ ಲಂಬ ಮಾಡಿ (ಅದೇ ವಿಸ್ತೀರ್ಣದ ತೂಕದಿಂದ) ಉದ್ದ 1 ಮಾಡ್ರಿ. ಇದ ಶಿಫ್ಟ್ ಮೋಡ್. ನಿಮ್ಮ ಆರಕ್ಕ ಏಳನೇದು ಸೇರಿಸಿ ಮತ್ತ ಪ್ರೊಜೆಕ್ಟ್ ಮಾಡ್ರಿ. ದ್ವಿಘಾತ ಗುಣಾಂಕ 216 ಇದ್ದದ್ದು 343 ಆಗ್ತಾವ, ಬೋರ್ಡಿಗೆ ಅದು ಭಾರ ಅಲ್ಲ.

ಸಾರ ಅಷ್ಟ ಬೇಕಾದ್ರ ಮೂರ ಚಲಕ ಸಾಕು. ಕ, ಖ ಮೊದಲೆರಡು ಮೋಡ್‌ಗಳ ಗುಣಾಂಕ, ಗ ಸ್ಥಿರ ಹರಿವಿನಿಂದ ಸರಾಸರಿ ಎಷ್ಟು ಸರಿದದ ಅನ್ನೋದು, ಎಲ್ಲಾ ಸೂಕ್ತವಾಗಿ ಅಳತೆ ಹೊಂದಿಸಿದ್ದು:

ಕ′ = ಮ·ಕ − ವ·ಖ − ಕ·ಗ
ಖ′ = ವ·ಕ + ಮ·ಖ − ಖ·ಗ
ಗ′ = −ಲ·(ಗ − ಕ² − ಖ²)

ಮ ಬೆಳವಣಿಗೆ ದರ, ವ ಕೋನೀಯ ಆವರ್ತನ, ಲ ಅನ್ನೋದು ಗ ಎಷ್ಟು ಬೇಗ ಹೊಂದ್ಕೋತದ ಅನ್ನೋ ದರ, ′ ಅಂದ್ರ ಕಾಲದ ಡೆರಿವೇಟಿವ್. ಮ ಧನ, ಲ ಅದಕ್ಕಿಂತ ಬಹಳ ದೊಡ್ಡದು. ಹಂಗಾಗಿ ಗ ಯಾವಾಗಲೂ ಕ²+ಖ²ರ ಬೆನ್ನ ಹತ್ತಿರ್ತದ, ಅಲೆ ಎತ್ತರದ ವರ್ಗ ಮ ಮುಟ್ಟಿದಲ್ಲಿ ನಿಲ್ತದ. ಲಾಂಡಾವ್–ಸ್ಟುವರ್ಟ್ ಸಮೀಕರಣ (ಅಲೆ ಬೆಳೆದು ಒಂದು ಎತ್ತರಕ್ಕ ನಿಲ್ಲೋದನ್ನ ಹೇಳೋದು) ಇದರಾಗ ಅಡಗೇದ.

ಒಂದು ಎಚ್ಚರ. ವ ಅನ್ನ ಸ್ಥಿರ ಇಡಬ್ಯಾಡ್ರಿ. ಸ್ಥಿರ ಹರಿವಿನ ರೇಖೀಯ ವಿಶ್ಲೇಷಣೆ ಕೊಡೋ ಕೋನೀಯ ಆವರ್ತನ 0.74ರ ಹತ್ರ, ಪೂರ್ಣ ಬೆಳೆದ ಸುಳಿಗಳದು 1.04ರ ಹತ್ರ. ವ ಕೂಡ ಗ ಜೊತಿ ಸರಳರೇಖೆಯಾಗ ಏರ್ಬೇಕು, ಇಲ್ಲಂದ್ರ ಬೆಳೆಯೋ ಹಂತದಾಗ ಫೇಸ್ ಪೂರಾ ತಪ್ತದ, ಕಂಟ್ರೋಲರ್ ಉಲ್ಟಾ ಕಡೆ ತಳ್ತದ. ಬೆಳವಣಿಗೆ ದರ 0.13ರ ಆಸುಪಾಸು ಬರ್ಬೇಕು. ಸಾವಿರದ ಒಂದು ಪಾಲಿನಿಂದ ಪೂರ್ಣ ಎತ್ತರಕ್ಕ 50–60 ಕಾಲಮಾನ. ನಿಮ್ಮ ಸಾಲ್ವರಿಗೂ ಇದನ್ನ ತಾಳೆ ನೋಡ್ರಿ.

---

ಅರಬ್ಬಿ ಅಂಚು · ವಾಸ್ಕೊ, ಗೋವಾ

ಡಿಎಂಡಿ ಬಗ್ಗೆ ಯಾರೂ ಉತ್ತರಿಸಿಲ್ಲ, ಅದನ್ನು ಹೇಳುತ್ತೇನೆ. ಈ ಕೆಲಸಕ್ಕೆ ಅದು ಬೇಡ ಮಾರಾಯ್ರೆ.

ಡಿಎಂಡಿ ಕೊಡುವುದು ರೇಖೀಯ ಮಾದರಿ. ನಿಯತ ಸುಳಿಗಳ ದತ್ತಾಂಶ ಕೊಟ್ಟರೆ ಐಗನ್‌ವ್ಯಾಲ್ಯೂಗಳು ಏಕಮಾನ ವೃತ್ತದ ಮೇಲೆ ನೀಟಾಗಿ ಕೂರುತ್ತವೆ, ಅಂದರೆ ಬೆಳೆಯುವುದೂ ಇಲ್ಲ, ಕುಗ್ಗುವುದೂ ಇಲ್ಲ: ಮೂಲ ಆವರ್ತನ, ಅದರ ಇಮ್ಮಡಿ, ಮುಮ್ಮಡಿ. ಚಿತ್ರ ಚಂದ. ಆದರೆ ರೇಖೀಯ ಮಾದರಿಗೆ ತನ್ನದೇ ಆದ ಎತ್ತರ ಇರುವುದಿಲ್ಲ, ಯಾವ ಎತ್ತರದಿಂದ ಬಿಟ್ಟರೂ ಅದೇ ಎತ್ತರದಲ್ಲಿ ಓಡುತ್ತದೆ. ಬೆಳೆಯುವ ಹಂತ ಮತ್ತು ನಿಂತ ಹಂತ ಎರಡನ್ನೂ ಒಂದೇ ಡಿಎಂಡಿಗೆ ತುಂಬಿದರೆ ಎರಡಕ್ಕೂ ಸಲ್ಲದ ಉತ್ತರ ಬರುತ್ತದೆ. ಅಳತೆಯ ಗದ್ದಲ ಸೇರಿದರೆ ಸಾದಾ ಡಿಎಂಡಿ ಎಲ್ಲ ಮೋಡ್‌ಗಳನ್ನೂ ಇರುವುದಕ್ಕಿಂತ ಹೆಚ್ಚು ಕ್ಷೀಣಿಸುವಂತೆ ತೋರಿಸುತ್ತದೆ. ಮುಂದಕ್ಕೂ ಹಿಂದಕ್ಕೂ ಓಡಿಸಿ ಸರಿದೂಗಿಸುವ ಬಗೆ ಅಥವಾ ಟೋಟಲ್ ಲೀಸ್ಟ್ ಸ್ಕ್ವೇರ್ಸ್ ಬಗೆ ಬೇಕಾಗುತ್ತದೆ.

ಇಲ್ಲಿ ಮಾಂಡವಿ–ಜುವಾರಿ ಅಳಿವೆಗಳ ಭರತ–ಇಳಿತದ ದತ್ತಾಂಶದಲ್ಲೂ ಇದೇ ತಪ್ಪುಗಳು ಎದುರಾಗುತ್ತವೆ. ಭರತದ ಮುಖ್ಯ ಘಟಕಗಳು ಚಂದ್ರನ ಎಂ2 (ಆವರ್ತ 12.42 ಗಂಟೆ), ಸೂರ್ಯನ ಎಸ್2 (12 ಗಂಟೆ). ಇವೆರಡನ್ನು ಬೇರ್ಪಡಿಸಲು 14.77 ದಿನಗಳ ದಾಖಲೆ ಬೇಕು. ಎಸ್2 ಮತ್ತು ಅದಕ್ಕೆ ತೀರಾ ಹತ್ತಿರದ ಆವರ್ತನದ ಕೆ2 ಎಂಬ ಘಟಕವನ್ನು ಬೇರ್ಪಡಿಸಲು 182 ದಿನಕ್ಕಿಂತ ಹೆಚ್ಚು. ಮೂರು ದಿನದ ದಾಖಲೆಯನ್ನು ಡಿಎಂಡಿಗೆ ಕೊಟ್ಟರೆ ಎರಡರ ನಡುವಿನ ಯಾವುದೋ ಒಂದು ಆವರ್ತನ ಕೊಟ್ಟು ಕೈತೊಳೆದುಕೊಳ್ಳುತ್ತದೆ. ಒಂದೇ ಮಾಪಕದ ದಾಖಲೆಯಾದರೆ ವಿಳಂಬಿತ ಪ್ರತಿಗಳನ್ನು ಪೇರಿಸಿ ಹ್ಯಾಂಕೆಲ್ ಮ್ಯಾಟ್ರಿಕ್ಸ್ ಕಟ್ಟಲೇಬೇಕು. ಒಂದು ಸಂಖ್ಯೆಯ ರೇಖೀಯ ಮಾದರಿಗೆ ಆಂದೋಲನ ಬರುವುದೇ ಇಲ್ಲ, ಪ್ರತಿ ಆವರ್ತನಕ್ಕೆ ಕನಿಷ್ಠ ಎರಡು ವಿಳಂಬ ಬೇಕು. ಇಷ್ಟೆಲ್ಲ ಮಾಡುವ ಬದಲು, ಭರತದ ಆವರ್ತನಗಳು ಖಗೋಳದಿಂದಲೇ ಗೊತ್ತಿರುವಾಗ ಸಾದಾ ಹಾರ್ಮೋನಿಕ್ ಲೀಸ್ಟ್ ಸ್ಕ್ವೇರ್ಸ್ ಸಾಕು. ಭಾರತದ ಬಂದರುಗಳಿಗೆಂದು 1879ರಲ್ಲಿ ಲಂಡನ್ನಿನಲ್ಲಿ ಕಟ್ಟಿದ ಗಾಲಿ–ದಾರಗಳ ಯಂತ್ರ ಕೂಡಿಸುತ್ತಿದ್ದುದೂ ಇದೇ ಕೊಸೈನ್‌ಗಳನ್ನು.

ಮಾಳಮಡ್ಡಿಯವರ ಮಾತಿಗೆ ಇಲ್ಲಿಯೂ ಜೋಡಿ ಇದೆ. ಮೇ ತಿಂಗಳ ದತ್ತಾಂಶದಿಂದ ಹೊಂದಿಸಿದ ಮಾಂಡವಿಯ ಮಾದರಿ ಜುಲೈಯಲ್ಲಿ, ಅದರಲ್ಲೂ ಒಳನಾಡಿನ ಕಡೆ, ತಪ್ಪುತ್ತದೆ. ಮಳೆಗಾಲದ ನದಿಯ ಹರಿವು ಸರಾಸರಿಯನ್ನು ಸರಿಸುತ್ತದೆ. ತಳದ ಘರ್ಷಣೆ ವೇಗದ ವರ್ಗವನ್ನು ಅವಲಂಬಿಸುವುದರಿಂದ ಸರಾಸರಿ ಸರಿದೊಡನೆ ಭರತದ ಅಲೆ ಕ್ಷೀಣಿಸುವ ದರವೂ ಬದಲಾಗುತ್ತದೆ. ನದಿಯ ಹರಿವನ್ನು ಚಲಕವಾಗಿ ಮಾದರಿಯೊಳಗೆ ತರಬೇಕು.

ಗ್ಯಾಲರ್ಕಿನ್ ಬೇಡವೆನಿಸಿದರೆ ಸಿಂಡಿ ನೋಡಿ, ದತ್ತಾಂಶದಿಂದ ಕೆಲವೇ ಪದಗಳ ಸಮೀಕರಣ ಆರಿಸುವ ವಿಧಾನ (ಬ್ರಂಟನ್, ಪ್ರಾಕ್ಟರ್, ಕುಟ್ಜ್, 2016). ಸಾಲ್ವರಿನ ಒಳಗೆ ಕೈ ಹಾಕದೆ ಕ, ಖ, ಗ ದತ್ತಾಂಶದಿಂದಲೇ ಮೇಲಿನ ಮೂರು ಸಮೀಕರಣ ಹೊರತೆಗೆಯಬಹುದು. ಆ ಪ್ರಬಂಧದಲ್ಲೇ ಈ ಹರಿವಿನ ಉದಾಹರಣೆ ಇದೆ.

---

ಮಾಳಮಡ್ಡಿ ಮಂದಿ

ಸಿಂಡಿಗೂ ಒಂದು ಷರತ್ತು ಐತ್ರಿ. ಸುಳಿಗಾಳಿಯವ್ರ ಈಗಿನ ಡೇಟಾ ಮ್ಯಾಲ ಅದು ನಡಿಯೂದಿಲ್ಲ. ನಿಯತ ಚಕ್ರದ ಮ್ಯಾಲ ಗ ಹೆಚ್ಚೂಕಮ್ಮಿ ಸ್ಥಿರ, ಕ²+ಖ² ಕೂಡ ಸ್ಥಿರ. ಹಂಗಾಗಿ ಲೈಬ್ರರಿಯೊಳಗ (ಸಮೀಕರಣದಾಗ ಬರಬಹುದಾದ ಪದಗಳ ಪಟ್ಟಿ) ಕ ಕಾಲಮ್ಮು, ಕ·ಗ ಕಾಲಮ್ಮು ಒಂದ ಆಗ್ತಾವ. ಮ·ಕ ಎಷ್ಟು, ಕ·ಗ ಎಷ್ಟು ಅಂತ ಯಾವ ಅಲ್ಗಾರಿದಮ್ಮೂ ಬಿಡಿಸಲಾರದು. ಕಂಡಿಷನ್ ನಂಬರ್ (ಕಾಲಮ್‌ಗಳು ಎಷ್ಟು ಒಂದರಂಗ ಅದಾವ ಅನ್ನೋ ಅಳತೆ) ನೋಡಿದ ಕೂಡ್ಲೆ ಗೊತ್ತಾಗ್ತದ. ಸ್ಥಿರ ಹರಿವಿನ ಹತ್ರದಿಂದ ಶುರುವಾಗಿ ಬೆಳೆಯೋ ಒಂದು ಓಟ, ಚಕ್ರಕ್ಕಿಂತ ದೊಡ್ಡ ಎತ್ತರದಿಂದ ಇಳಿಯೋ ಒಂದು ಓಟ, ಎರಡೂ ಬೇಕು.

ಮೂರು ಚಲಕಕ್ಕ ದ್ವಿಘಾತದ ತನಕ 10 ಪದ, ತ್ರಿಘಾತಕ್ಕ 20. ಏಳು ಚಲಕಕ್ಕ ದ್ವಿಘಾತಕ್ಕ 36. ಕಾಲಮ್‌ಗಳನ್ನ ಒಂದೇ ಅಳತೆಗೆ ತರದೆ ಥ್ರೆಶೋಲ್ಡ್ ಹಾಕಿದ್ರ (ಸಣ್ಣ ಗುಣಾಂಕಗಳನ್ನ ಸೊನ್ನೆ ಮಾಡಿದ್ರ) ಸಣ್ಣ ಆದ್ರ ಮುಖ್ಯ ಗುಣಾಂಕ ಮೊದಲು ಸಾಯ್ತದ. ಡೆರಿವೇಟಿವ್ ಗದ್ದಲ ಆದ್ರ ಸಮೀಕರಣದ ಇಂಟಿಗ್ರಲ್ ರೂಪ ಬಳಸ್ರಿ.

---

ಸುಳಿಗಾಳಿ

ಅರ್ಧ ಡೊಮೇನಿನ ಉಪಾಯ ಕೆಲಸ ಮಾಡಿತು. 6+1 ಮೋಡ್‌ಗಳ ಗ್ಯಾಲರ್ಕಿನ್ ಮಾದರಿ ಈಗ ಚಕ್ರದ ಎತ್ತರಕ್ಕೆ ತಾನೇ ಬಂದು ನಿಲ್ಲುತ್ತದೆ. ಆದರೆ ಸಣ್ಣ ಆರಂಭದಿಂದ ಬೆಳೆಯುವ ವೇಗ ಸಾಲ್ವರಿಗಿಂತ ಕಡಿಮೆಯೇ ಇದೆ. ಜೊತೆಗೆ ಎರಡು ಪ್ರಶ್ನೆ: ರೆನಾಲ್ಡ್ಸ್ 80ರಿಂದ 150ರ ತನಕ ಇದೇ ಮಾದರಿ ಓಡಬೇಕೆಂದರೆ ಮೋಡ್‌ಗಳನ್ನು ಇಂಟರ್‌ಪೋಲೇಟ್ ಮಾಡಬಹುದೆ? ಸಿಲಿಂಡರಿನ ತಿರುಗುವಿಕೆಯನ್ನು ಎಲ್ಲಿ ಸೇರಿಸಲಿ?

---

ಶೇಷಪದ

ಬೆಳವಣಿಗೆ ಕಡಿಮೆ ಬರುವುದಕ್ಕೆ ಕಾರಣ: ಸ್ಥಿರ ಹರಿವಿನ ಬಳಿ ಬೆಳೆಯುವ ಅಲೆಯ ಆಕಾರ ನಿಮ್ಮ ಪಿಓಡಿ ಮೋಡ್‌ಗಳಂತಿಲ್ಲ, ಅದರ ಗರಿಷ್ಠ ಇನ್ನಷ್ಟು ಕೆಳಹರಿವಿನಲ್ಲಿದೆ. ಆ ಅಸ್ಥಿರ ಐಗನ್‌ಮೋಡಿನ ನೈಜ ಮತ್ತು ಕಾಲ್ಪನಿಕ ಭಾಗಗಳನ್ನು ಇನ್ನೆರಡು ಮೋಡ್ ಆಗಿ ಸೇರಿಸಿ, ಅಥವಾ ಬೆಳೆಯುವ ಹಂತದ ಸ್ನ್ಯಾಪ್‌ಶಾಟ್‌ಗಳಿಂದಲೇ ಮೋಡ್ ತೆಗೆಯಿರಿ. ನಿಮ್ಮ ಕಂಟ್ರೋಲರ್ ಗೆದ್ದರೆ ಹರಿವು ಸ್ಥಿರ ಸ್ಥಿತಿಯ ಕಡೆಗೇ ಹೋಗುವುದು, ಆ ಭಾಗ ಸರಿಯಿರಲೇಬೇಕು.

ಮೋಡ್‌ಗಳನ್ನು ನೇರವಾಗಿ ಇಂಟರ್‌ಪೋಲೇಟ್ ಮಾಡಬೇಡಿ. ಪಿಓಡಿ ಮೋಡಿನ ಚಿಹ್ನೆಗೆ ಅರ್ಥವಿಲ್ಲ. ಹತ್ತಿರಹತ್ತಿರ ಸಮ ಶಕ್ತಿಯ ಜೋಡಿಯಾದರೆ ಜೋಡಿಯೊಳಗಿನ ತಿರುವಿಗೂ ಅರ್ಥವಿಲ್ಲ. 80ರ ಮೊದಲ ಮೋಡ್ ಮತ್ತು 120ರ ಮೊದಲ ಮೋಡ್ ಕಾಲು ಆವರ್ತ ಆಚೀಚೆ ಇದ್ದರೆ ಅವುಗಳ ಸರಾಸರಿ ಯಾವ ಹರಿವಿಗೂ ಸೇರಿದ್ದಲ್ಲ. ಸರಳ ದಾರಿ ಎಂದರೆ 80, 100, 120, 150ರ ಸ್ನ್ಯಾಪ್‌ಶಾಟ್‌ಗಳನ್ನು ಒಟ್ಟುಗೂಡಿಸಿ ಒಂದೇ ಪಿಓಡಿ. 12ರಿಂದ 16 ಮೋಡ್ ಇಟ್ಟುಕೊಳ್ಳಲು ತಯಾರಾಗಿ. ಸ್ನಿಗ್ಧತೆಯ ಪದದ ಮುಂದೆ 1/ರೆನಾಲ್ಡ್ಸ್ ಹೊರಗೇ ಇರಲಿ, ಗುಣಾಂಕಗಳನ್ನು ಮತ್ತೆ ಲೆಕ್ಕ ಹಾಕಬೇಕಿಲ್ಲ. ಉಪಾವಕಾಶಗಳನ್ನೇ ಇಂಟರ್‌ಪೋಲೇಟ್ ಮಾಡುವ ಗ್ರಾಸ್‌ಮನ್ ಮ್ಯಾನಿಫೋಲ್ಡ್ ವಿಧಾನವೂ ಇದೆ (ಆಮ್ಸಾಲೆಮ್ ಮತ್ತು ಫರ್ಹಾತ್, 2008). ನಿಮ್ಮ ಈ ಕಿರಿದಾದ ವ್ಯಾಪ್ತಿಗೆ ಅದು ಅತಿಯಾಯಿತು ಎಂದೇ ನನ್ನ ಅಭಿಪ್ರಾಯ.

ತಿರುಗುವಿಕೆ: ನಿಮ್ಮ ಎಲ್ಲ ಮೋಡ್‌ಗಳೂ ಸಿಲಿಂಡರಿನ ಮೇಲ್ಮೈಯಲ್ಲಿ ಸೊನ್ನೆ. ಹೀಗಾಗಿ ಮೋಟಾರ್ ಎಷ್ಟು ತಿರುಗಿದರೂ ಮಾದರಿಗೆ ಕಾಣುವುದಿಲ್ಲ. ಏಕಮಾನ ವೇಗದಲ್ಲಿ ತಿರುಗುವ ಸಿಲಿಂಡರಿನ ಸ್ಥಿರ ಹರಿವನ್ನು ತೆಗೆದು, ತಿರುಗದ ಸ್ಥಿರ ಹರಿವನ್ನು ಕಳೆಯಿರಿ. ಆ ಕ್ಷೇತ್ರವನ್ನು ತಿರುಗುವ ವೇಗದಿಂದ ಗುಣಿಸಿ ವಿಸ್ತರಣೆಗೆ ಸೇರಿಸಿ. ಪ್ರೊಜೆಕ್ಷನ್ ಮಾಡಿದಾಗ ತಿರುಗುವ ವೇಗ, ಅದರ ವರ್ಗ ಮತ್ತು ಅದರ ಕಾಲದ ಡೆರಿವೇಟಿವ್ ಮೂರೂ ಸಮೀಕರಣಕ್ಕೆ ಬರುತ್ತವೆ. ಡೆರಿವೇಟಿವ್ ಪದವನ್ನು ಬಿಡುವವರು ಹೆಚ್ಚು, ವೇಗವಾಗಿ ಆಚೀಚೆ ತಿರುಗಿಸುವಾಗ ಅದೇ ದೊಡ್ಡದು. ತರಬೇತಿಯ ಸ್ನ್ಯಾಪ್‌ಶಾಟ್‌ಗಳಲ್ಲೂ ತಿರುಗಿಸಿದ ಓಟಗಳು ಇರಲಿ, ಒಂದೇ ಆವರ್ತನದಲ್ಲಲ್ಲ, ಆವರ್ತನ ಬದಲಾಗುತ್ತ ಹೋಗುವ ಚರ್ಪ್ ಸಿಗ್ನಲ್ಲಿನಲ್ಲಿ.

ಕೃತಕ ಸ್ನಿಗ್ಧತೆ ಇಲ್ಲಿಯವರೆಗೆ ಬೇಕಾಗಿಲ್ಲ ನೋಡಿ. 150ರ ಬಳಿ ಮೇಲಿನ ಹಾರ್ಮೋನಿಕ್‌ಗಳಲ್ಲಿ ಶಕ್ತಿ ಗಂಟು ಕಟ್ಟಿದರೆ ಕೊನೆಯ ಎರಡು ಜೋಡಿಗಳಿಗೆ ಮಾತ್ರ ಕೊಡಿ. ಮೊದಲ ಜೋಡಿಗೆ ಕೊಟ್ಟರೆ ಎತ್ತರ ಸರಿಯಾದಂತೆ ಕಾಣುತ್ತದೆ, ಬೆಳವಣಿಗೆಯ ದರ ಸಾಯುತ್ತದೆ.

ಮೋಡ್ ಕಡಿಮೆಯಾದರೆ ಬರೀ ನಿಖರತೆ ಹೋಗುತ್ತದೆ ಎಂದುಕೊಳ್ಳಬೇಡಿ, ಇಲ್ಲದ ನಡವಳಿಕೆ ಹುಟ್ಟಲೂಬಹುದು. ಲೊರೆಂಜ್ 1963ರಲ್ಲಿ ಉಷ್ಣ ಸಂವಹನವನ್ನು (ಕನ್ವೆಕ್ಷನ್) ಮೂರು ಚಲಕಗಳಿಗೆ ಇಳಿಸಿದಾಗ ಸಿಕ್ಕ ಕೇಯಾಸ್, 2 ಆಯಾಮದ ಅದೇ ಸಂವಹನದಲ್ಲಿ ಸಾಕಷ್ಟು ಮೋಡ್ ಇಟ್ಟಾಗ ಉಳಿಯಲಿಲ್ಲ ಎಂದು 1984ರಲ್ಲಿ ತೋರಿಸಿದ್ದಾರೆ. ಆದ್ದರಿಂದ 12, 14, 16 ಮೂರಕ್ಕೂ ಓಡಿಸಿ ಎತ್ತರ, ಆವರ್ತನ, ಬೆಳವಣಿಗೆ ದರ ತಾಳೆ ನೋಡಿ, ಅದೂ ತರಬೇತಿಯಲ್ಲಿ ಇಲ್ಲದ ರೆನಾಲ್ಡ್ಸ್ 110 ಅಥವಾ 135ರಲ್ಲಿ. ಪುನರ್ರಚನೆಯ ದೋಷದ ಗ್ರಾಫ್ ಹಾಕಬೇಡಿ, ಅದು ಯಾವಾಗಲೂ ಚೆನ್ನಾಗಿಯೇ ಕಾಣುತ್ತದೆ.

---

ಅರಬ್ಬಿ ಅಂಚು

ಮುಂದೆ ಬೇರೆ ಸಮಸ್ಯೆಗೆ ಇದೇ ಕ್ರಮ ಒಯ್ಯುವವರಿಗೆ: ಪ್ರವಾಹದ ಅಲೆ, ಉರಿಯ ಅಂಚು, ಅಳಿವೆಯ ಉಪ್ಪುನೀರಿನ ಮುಂಚೂಣಿಯಂಥ ಚೂಪಾದ, ಚಲಿಸುವ ಅಂಚುಗಳಿಗೆ ಪಿಓಡಿ ಒಗ್ಗುವುದಿಲ್ಲ. ಸಾಗುವ ಜಿಗಿತಕ್ಕೆ ದೋಷ ಮೋಡ್ ಸಂಖ್ಯೆಯ ವರ್ಗಮೂಲಕ್ಕೆ ತಕ್ಕಂತೆ ಮಾತ್ರ ಇಳಿಯುತ್ತದೆ, ದೋಷ ಅರ್ಧವಾಗಲು ಮೋಡ್ ನಾಲ್ಕು ಪಟ್ಟು ಬೇಕು. ಮೊದಲು ಅಂಚಿನ ಜಾಗವನ್ನು ಒಂದು ಚಲಕವಾಗಿ ಬೇರೆ ಮಾಡಿ, ಎಲ್ಲ ಸ್ನ್ಯಾಪ್‌ಶಾಟ್‌ಗಳನ್ನು ಅದಕ್ಕೆ ಸರಿಸಿ ಜೋಡಿಸಿ, ಆಮೇಲೆ ಎಸ್‌ವಿಡಿ. ಉರಿಯಲ್ಲಿ ಅರ್ಹೀನಿಯಸ್ ಪದ (ತಾಪದೊಂದಿಗೆ ಘಾತೀಯವಾಗಿ ಬದಲಾಗುವ ಉರಿಯುವ ದರ) ಇರುವುದರಿಂದ ದ್ವಿಘಾತದ ಕೋಷ್ಟಕ ನಡೆಯುವುದಿಲ್ಲ. ಡೀಮ್ (2010) ಬಳಸಿ ಆಯ್ದ ಕೆಲವೇ ಸೆಲ್‌ಗಳಲ್ಲಿ ಆ ಪದವನ್ನು ಲೆಕ್ಕ ಹಾಕಬೇಕು, ಇಲ್ಲವಾದರೆ ಸಮೀಕರಣ ಏಳಾದರೂ ಪ್ರತಿ ಹೆಜ್ಜೆಗೆ 1.8 ಲಕ್ಷ ಸೆಲ್ ಸುತ್ತಿ ಬರಬೇಕಾಗುತ್ತದೆ.